ಯುಗಾದಿಯಿಂದ ಹದಿನಾಲ್ಕನೇ ಸಂಜೆ

ನಾವು ಈಸ್ಟರ್ ಬಿಟ್ಟದ್ದು ಕುಣಿಗಲ್‌ನಲ್ಲಿದ್ದಾಗ. ನಮ್ಮ ಮನೆಯವರು ಬಿಟ್ಟರು, ಅವರ ಹಿಂದೆ ನಾನೂ ಬಿಟ್ಟೆ ಎಂದರೆ ಹೆಚ್ಚು ಸರಿ. ಎಪ್ಪತ್ತರ ದಶಕದ ನಡುಭಾಗ. ಅವರು ಅಲ್ಲಿ ಸರ್ಕಾರಿ ಗುಮಾಸ್ತರು. ಕೆರೆಯ ಕಡೆ ಹೋಗುವ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಬುಧವಾರ ಸಂಜೆ ಒಬ್ಬ ಹಿರಿಯರು ಬರುತ್ತಿದ್ದರು. ಕುದುರೆಗಳಿಗೆ ಲಾಳ ಹೊಡೆಯುವ ಕೆಲಸದಿಂದ ನಿವೃತ್ತರಾದ ತಮಿಳು ಕ್ರೈಸ್ತರು. ಅವರು ತಮಿಳು ಸತ್ಯವೇದದಿಂದ ಒಂದು ವಾಕ್ಯ ಓದುವುದು, ನಮ್ಮವರು ಅದನ್ನೇ ಕನ್ನಡದಲ್ಲಿ ಓದುವುದು, ಎರಡೂ ಒಂದೇ ಮಾತು ಹೇಳುತ್ತವೆಯೇ ಎಂದು ಇಬ್ಬರೂ ಕೂತು ನೋಡುವುದು. ನಾನು ಒಲೆಯ ಹತ್ತಿರದಿಂದಲೇ ಕೇಳಿಸಿಕೊಳ್ಳುತ್ತಿದ್ದೆ.

ಹೀಗೆ ಓದುತ್ತಾ ಓದುತ್ತಾ ಒಂದು ದಿನ ಹಿರಿಯರು ಕೇಳಿದರು, ಈಸ್ಟರ್ ಹಬ್ಬ ಮಾಡಿ ಎಂದು ಇದರಲ್ಲಿ ಎಲ್ಲಿದೆ? ನಮ್ಮವರು ಹುಡುಕಿದರು. ಒಂದು ತಿಂಗಳು ಹುಡುಕಿದರು. ಸಿಕ್ಕಿದ್ದೆಲ್ಲ ಪಸ್ಕ, ಯೆಹೂದ್ಯರು ದಾಸತ್ವದಿಂದ ಬಿಡುಗಡೆಯಾದ ರಾತ್ರಿಯ ಹಬ್ಬ. ಕರ್ತನು ಶಿಷ್ಯರ ಜೊತೆ ಊಟಕ್ಕೆ ಕೂತದ್ದು ಪಸ್ಕಕ್ಕೆ, ಶಿಲುಬೆಗೆ ಹೋದದ್ದು ಪಸ್ಕದಲ್ಲಿ, ಎದ್ದು ಬಂದದ್ದು ಆ ವಾರ ಹೊಸ ಬೆಳೆಯ ಮೊದಲ ತೆನೆ ಅರ್ಪಿಸುವ ಪ್ರಥಮ ಫಲದ ದಿನ. ಈಸ್ಟರ್ ಎಂಬ ಮಾತು ನಮ್ಮ ಕನ್ನಡ ಸತ್ಯವೇದದಲ್ಲಿ ಒಂದು ಕಡೆಯೂ ಇಲ್ಲ.

ಆ ಹೆಸರು ಪರದೇಶದ ಯಾವುದೋ ಹಳೆಯ ವಸಂತ ದೇವತೆಯದು ಎಂದು ಹಿರಿಯರು ಎಲ್ಲೋ ಓದಿದ್ದರು. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಾಗಲ್ಲ ಎನ್ನುವ ಓದಿದವರೂ ಇದ್ದಾರೆ. ನಮ್ಮ ವಾರಗಳ ಹೆಸರೆಲ್ಲ ಗ್ರಹಗಳದ್ದೇ, ಹಾಗೆಂದು ಮಂಗಳವಾರ ಒಲೆ ಹಚ್ಚದೆ ಇರುತ್ತೇನೆಯೇ? ಹೆಸರಿನ ಮಾತು ನನಗೆ ಅಷ್ಟು ನಾಟಲಿಲ್ಲ. ನಾಟಿದ್ದು, ದೇವರು ತಾನೇ ಒಂದು ದಿನ ಗೊತ್ತು ಮಾಡಿ ಇಂಥ ತಿಂಗಳ ಇಂಥ ಸಂಜೆ ಎಂದು ಹೇಳಿರುವಾಗ, ಅದನ್ನು ಬಿಟ್ಟು ನೂರಾರು ವರ್ಷ ಕಳೆದ ಮೇಲೆ ಸಭೆಯ ದೊಡ್ಡವರು ಕೂತು ನಿರ್ಣಯಿಸಿದ ದಿನವನ್ನು ನಾವು ಹಿಡಿದುಕೊಂಡಿದ್ದೇವಲ್ಲ ಎಂಬುದು. ಮನೆಗೆ ಕರೆದವರು ಸೋಮವಾರ ಬಾ ಎಂದರೆ ನಾವು ಗುರುವಾರ ಹೋಗಿ ಬಾಗಿಲು ತಟ್ಟುವುದಿಲ್ಲ.

ಇನ್ನೊಂದು ಕಾರಣವೂ ಇತ್ತು, ಅದನ್ನು ನಾನು ಯಾರಿಗೂ ಹೇಳಲಿಲ್ಲ. ಪಸ್ಕ ಅಡುಗೆಮನೆಯ ಹಬ್ಬ. ಈಸ್ಟರ್ ದಿನ ನನಗೆ ಸಿಗುತ್ತಿದ್ದದ್ದು ಚರ್ಚಿನಲ್ಲಿ ಹೆಂಗಸರ ಕಡೆಯ ಬೆಂಚಿನ ತುದಿ. ಪಸ್ಕದಲ್ಲಿ ಮನೆಯ ಹೆಂಗಸು ಕೈಯಾಡಿಸದಿದ್ದರೆ ಹಬ್ಬವೇ ಇಲ್ಲ. ಹುಳಿ ಬಂದ ಹಿಟ್ಟನ್ನು ಮನೆಯಿಂದ ತೆಗೆಯಬೇಕು, ಏಳು ದಿನ ಇಡ್ಲಿ ದೋಸೆ ಬೇಕರಿ ಬನ್ನು ಇಲ್ಲ. ಹುಳಿಯಿಲ್ಲದ ರೊಟ್ಟಿ ನಮಗೇನು ಹೊಸದೇ? ಅಕ್ಕಿ ರೊಟ್ಟಿ, ಚಪಾತಿ, ರಾಗಿ ರೊಟ್ಟಿ ಎಲ್ಲವೂ ಅದೇ. ಕಹಿ ಸೊಪ್ಪಿಗೆ ಬೇವಿನ ಚಿಗುರು. ಒಣದ್ರಾಕ್ಷಿ ನೆನೆಸಿ ಹಿಂಡಿದ ರಸ. ಪಸ್ಕಕ್ಕೆ ಕೊಯ್ಯುವ ಕುರಿಮರಿ ಬೇಡ, ಕರ್ತನೇ ನಮ್ಮ ಕುರಿಮರಿ ಎಂದು ಹಿರಿಯರು ಹೇಳಿದ್ದರು. ನನಗೆ ಬಂದ ಅನುಮಾನ ಮೊಸರಿನದು. ಹೆಪ್ಪು ಹಾಕುವುದೂ ಹುಳಿ ಬರಿಸುವುದೇ ತಾನೆ? ನಮ್ಮವರು ಎರಡು ದಿನ ಓದಿ, "ಹಿಟ್ಟಿನ ವಿಷಯ ಮಾತ್ರ ಹೇಳಿದೆ. ಮೊಸರು ಇರ್ಲಿ" ಎಂದರು. ಮೊಸರಿಲ್ಲದೆ ಅವರಿಗೆ ಅನ್ನ ಇಳಿಯುವುದಿಲ್ಲ. ನಾನು ಮೇಲೆ ನೋಡಿ ಸ್ತೋತ್ರ ಹೇಳಿ ಹೆಪ್ಪು ಹಾಕಿದೆ.

ದಿನ ಗೊತ್ತು ಮಾಡುವುದು ಕಷ್ಟವಾಗಲಿಲ್ಲ. ಮೊದಲನೇ ತಿಂಗಳ ಹದಿನಾಲ್ಕನೇ ದಿನದ ಸಂಜೆ ಎಂದಿದೆ. ತಿಂಗಳು ಎಂದರೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಯೆಹೂದ್ಯರ ಕ್ಯಾಲೆಂಡರ್ ಕುಣಿಗಲ್‌ನಲ್ಲಿ ಎಲ್ಲಿ ಸಿಗಬೇಕು? ಆದರೆ ಯುಗಾದಿ ಸಿಗುತ್ತದೆ. ವರ್ಷದ ಮೊದಲ ತಿಂಗಳ ಮೊದಲ ದಿನ, ಸರ್ಕಾರಿ ರಜೆ, ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ. ಅಲ್ಲಿಂದ ಎಣಿಸಿ ಹದಿನಾಲ್ಕನೇ ಸಂಜೆ ನಮ್ಮ ಪಸ್ಕ. ಅದಾದ ಸಬ್ಬತ್ತಿನ ಮರುದಿನ, ಅಂದರೆ ಭಾನುವಾರ, ಪ್ರಥಮ ಫಲದ ದಿನ. ಸಬ್ಬತ್ತನ್ನೂ, ಅಂದರೆ ವಾರದ ವಿಶ್ರಾಂತಿ ದಿನವನ್ನೂ, ನಾವು ಶನಿವಾರಕ್ಕೆ ತಂದಿದ್ದೆವು. ಶುಕ್ರವಾರ ಹೊತ್ತು ಮುಳುಗಿದರೆ ಶನಿವಾರ ಹೊತ್ತು ಮುಳುಗುವ ತನಕ ಮನೆಯಲ್ಲಿ ಕೆಲಸವಿಲ್ಲ. ಆಫೀಸು ಇದ್ದ ಶನಿವಾರ ನಮ್ಮವರು ಹೋಗಲೇಬೇಕಿತ್ತು. ಹೋಗಿ ಬಂದು ತಪ್ಪು ಮಾಡಿದವರ ಹಾಗೆ ಕೂರುತ್ತಿದ್ದರು.

ಇನ್ನು ಮೇಲೆ ಈಸ್ಟರ್ ಹೆಸರಿನಲ್ಲಿ ನಡೆಯುವ ಯಾವುದಕ್ಕೂ ಹೋಗುವುದಿಲ್ಲ ಎಂದು ಇಬ್ಬರೂ ಪ್ರಾರ್ಥನೆಯಲ್ಲಿ ಮಾತು ಕೊಟ್ಟೆವು. ಆ ಮಾತು ಕೊಡುವಾಗ ನಮ್ಮವರು ಚರ್ಚನ್ನು ನೆನೆದಿದ್ದರು. ನಾನು ನೆನೆದದ್ದು ಗುಬ್ಬಿಯ ಸಮಾಧಿ ತೋಟವನ್ನು.

ನನ್ನ ತವರು ಗುಬ್ಬಿ. ಮೊದಲ ಬಾಣಂತನ ಅಲ್ಲೇ ಆಯಿತು. ಹೆಣ್ಣು ಮಗು, ಹದಿನೇಳು ದಿನ ಇತ್ತು. ಹೆಸರು ಇಟ್ಟಿರಲಿಲ್ಲ. ನಾನು ಜ್ವರದಲ್ಲಿ ಮಲಗಿದ್ದೆ. ಆ ಹದಿನೇಳು ದಿನವೂ ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದವಳು ನಮ್ಮಮ್ಮ. ಹದಿನೆಂಟನೇ ದಿನ ಬಟ್ಟೆ ಸುತ್ತಿ ಕೊಟ್ಟವಳೂ ಅವಳೇ. ಮೂರು ಗೇಣು ಉದ್ದದ ಇಟ್ಟಿಗೆ ಕಟ್ಟು, ಮೇಲೆ ಗಾರೆ, ಅಷ್ಟೇ ಅದರ ಸಮಾಧಿ.

ಗುಬ್ಬಿಯ ಚರ್ಚಿನವರ ಪದ್ಧತಿ ಎಂದರೆ, ಈಸ್ಟರ್ ಹಿಂದಿನ ಶನಿವಾರ ಎಲ್ಲರೂ ಸಮಾಧಿ ತೋಟಕ್ಕೆ ಹೋಗಿ ಹುಲ್ಲು ಕಿತ್ತು, ತಮ್ಮ ತಮ್ಮವರ ಸಮಾಧಿಗೆ ಸುಣ್ಣ ಬಳಿಯುವುದು. ಭಾನುವಾರ ಹೊತ್ತು ಹುಟ್ಟುವ ಮುಂಚೆ ಮೇಣದ ಬತ್ತಿ ಹಚ್ಚಿಕೊಂಡು ಅಲ್ಲಿಗೇ ಹೋಗಿ, ಹಾಡಿ, ಪ್ರಾರ್ಥನೆ ಮಾಡಿ, ಬೆಳಕು ಹರಿದ ಮೇಲೆ ಚರ್ಚಿಗೆ ಹೋಗುವುದು. ಅಮ್ಮನಿಗೆ ಅದೊಂದು ಬೆಳಗಿನ ಮೇಲೆ ಬಲವಾದ ನಂಬಿಕೆ. ಸತ್ತವರನ್ನು ಎಬ್ಬಿಸಲು ಕರ್ತನು ಮತ್ತೆ ಬರುವುದು ಅಂಥ ಬೆಳಗಿನಲ್ಲೇ, ಬಂದಾಗ ಮಗು ಎದ್ದು ಕೂತು ಸುತ್ತ ನೋಡಿದರೆ ಗುರುತಿನ ಮುಖ ಇರಬೇಕು ಎನ್ನುವಳು. ಅಜ್ಜಿಯ ಮುಖವನ್ನಂತೂ ಅದು ನೋಡಿತ್ತು. ನನ್ನ ಮುಖ ಎಷ್ಟು ನೋಡಿತ್ತೋ.

ಬಿಟ್ಟ ಮೊದಲ ವರ್ಷ ನಾನು ಹೋಗಲಿಲ್ಲ. ಒಂದು ಕಾರ್ಡು ಬರೆದೆ. ಎರಡು ವಾರದ ಮೇಲೆ ಗುಬ್ಬಿಗೆ ಹೋದಾಗ ಅಮ್ಮ ಕಡಲೆಕಾಯಿ ಸುಲಿಯುತ್ತಾ ಜಗಲಿಯ ಮೇಲೆ ಕೂತಿದ್ದಳು. ಮುಖ ಎತ್ತಲಿಲ್ಲ.

"ಬಂದ್ಯಾ? ಇವತ್ಯಾವ ಹಬ್ಬ?"

"ಹಬ್ಬ ಇಲ್ಲ ಕಣಮ್ಮ. ನಿನ್ನ ನೋಡೋಕೆ ಬಂದೆ. ಮಗೂ ಸಮಾಧಿಗೆ ಹೋಗಿ ಬರೋಣ ಬಾ."

"ನಾನು ಹೋಗ್ಬಂದೆ. ಸುಣ್ಣನೂ ಬಳ್ದೆ, ಬತ್ತಿನೂ ಹಚ್ದೆ. ಎಲ್ರೂ ಮಕ್ಕಳು ಮರಿ ಕಟ್ಕೊಂಡು ಬಂದಿದ್ರು. 'ಏನಜ್ಜಿ ಒಬ್ಳೇ ಬಂದಿದ್ದೀಯ' ಅಂದ್ರು. 'ನನ್ನ ಮಗಳು ಯುಗಾದಿ ಲೆಕ್ಕ ನೋಡ್ತಾವ್ಳೆ' ಅಂದೆ."

"ಹಂಗಲ್ಲಮ್ಮ, ದೇವರು ಹೇಳಿದ ದಿನ ಅಂದ್ರೆ..."

"ಬುಡು ಬುಡು. ಈಸ್ಟರ್ ಅಂದ್ರೆ ಅನ್ಯರ ದೇವ್ರು ಹೆಸ್ರು, ಅದು ಬ್ಯಾಡ. ಯುಗಾದಿ ಯಾರ್ದೇ? ಯುಗಾದಿ ನೋಡ್ಕೊಂಡು ಹಬ್ಬ ಮಾಡೋ ಕ್ರೈಸ್ತರು ನೀವಿಬ್ರೇ ಕಣೇ, ಈ ಭೂಮಿ ಮ್ಯಾಲೆ."

ಕುಣಿಗಲ್‌ಗೆ ಬಂದು ಅದನ್ನೇ ನಮ್ಮವರಿಗೆ ಹೇಳಿದೆ. ಅವರು ನಗಲಿಲ್ಲ. "ಸೂರ್ಯ ಚಂದ್ರ ಅವರದ್ದಾ? ದೇವರದ್ದು. ಅವರು ಎಣಿಸಿ ಇಟ್ಟಿದಾರೆ, ನಾವು ನೋಡ್ಕೋತೀವಿ, ಅಷ್ಟೆ" ಎಂದರು. ಮಾತು ಸರಿಯೇ. ಆದರೂ ಅಮ್ಮ ಆಮೇಲೆ ಬೇರೆ ದಿನ ನನ್ನ ಜೊತೆ ಸಮಾಧಿಗೆ ಬರುವುದನ್ನು ನಿಲ್ಲಿಸಿದಳು. ಆ ಬೆಳಗ್ಗೆ ಬಾರದವಳು ಇನ್ಯಾವಾಗ ಬಂದರೇನು ಎಂಬುದು ಅವಳ ಹಟ. ನಾನು ಒಬ್ಬಳೇ ಹೋಗಿ ಬರುತ್ತಿದ್ದೆ. ಹೀಗೇ ಏಳೆಂಟು ವರ್ಷ ಕಳೆದವು.

ಅಷ್ಟರಲ್ಲಿ ನಮಗೆ ತುಮಕೂರಿಗೆ ವರ್ಗವಾಗಿತ್ತು. ಗುಬ್ಬಿ ಹತ್ತಿರವಾಯಿತು, ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ಆಮೇಲೆ ಹುಟ್ಟಿದ ಒಬ್ಬಳೇ ಮಗಳು ಸ್ಕೂಲಿಗೆ ಹೋಗುತ್ತಿದ್ದಳು. ಎದುರು ಮನೆ ಒಬ್ಬ ಪುರೋಹಿತರದು. ಅವರ ಹೆಂಡತಿಗೂ ನನಗೂ ನಲ್ಲಿಯ ನೀರು ಬರುವ ಹೊತ್ತಿನ ಸ್ನೇಹ. ನಮ್ಮ ಏಳು ದಿನ ಮುಗಿದ ಮೇಲೆ ಹಿಟ್ಟು ಹುಳಿ ಬರಿಸಲು ತಡವಾದೀತೆಂದು ಅವರೇ ಒಂದು ಸೌಟು ದೋಸೆ ಹಿಟ್ಟನ್ನು ದೂರದಿಂದ ನನ್ನ ಪಾತ್ರೆಗೆ ಬಿಡುತ್ತಿದ್ದರು. "ನಿಮ್ಮ ಹಬ್ಬ ಮುಗೀತೇನ್ರೀ? ಬೇವು ತಿಂದ್ರಾ? ನಾವು ಹದಿನಾಲ್ಕು ದಿನ ಮುಂಚೇನೇ ತಿಂದಾಯ್ತಪ್ಪ" ಎಂದು ನಗುತ್ತಿದ್ದರು.

ಎಂಬತ್ತರ ದಶಕದ ಆರಂಭದ ಒಂದು ವರ್ಷ ಅಮ್ಮನಿಗೆ ಕಾಲು ಬಾತಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಬಂದೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಹೃದಯ ಸೋತಿದೆ, ಮಾತ್ರೆ ಕೊಡ್ತೀನಿ, ಮುಂದಿನ ವರ್ಷದ ಮಾತು ಆಡೋದು ಬೇಡ ಎಂದರು. ಅಮ್ಮ ಒಳಗಿನಿಂದಲೇ ತಿಳಿದುಕೊಂಡಿದ್ದಳು. ಗುಬ್ಬಿಗೆ ಹೊರಟ ನೆರೆಮನೆಯವರ ಜೊತೆ ಬಸ್ಸಿನಲ್ಲಿ ಕೂರಿಸುವಾಗ ನನ್ನ ಸೆರಗು ಹಿಡಿದುಕೊಂಡಳು.

"ನೋಡು, ಈ ಸಲ ಸುಣ್ಣ ಬಳಿಯೋಕೆ ನನ್ನ ಕೈಲಾಗಲ್ಲ. ನಡ್ಕೊಂಡು ಹೋಗೋಕೂ ಯಾರಾದ್ರೂ ಹಿಡ್ಕೋಬೇಕು. ನೀನು ಬಾ."

"ಬರ್ತೀನಮ್ಮ. ಯಾವತ್ತಾದ್ರೂ ಬರ್ತೀನಿ, ಬಳಿದು ಕೊಡ್ತೀನಿ."

"ಯಾವತ್ತಾದ್ರೂ ಬ್ಯಾಡ. ಅವತ್ತು ಬಾ. ಒಂದು ಸಲ. ಆಮೇಲೆ ನಿಮ್ ಪಂಚಾಂಗ ಇದ್ದೇ ಇರ್ತದೆ."

ಬಸ್ಸು ಹೊರಟಿತು. ನಾನು ಮನೆಗೆ ಬಂದು ಕ್ಯಾಲೆಂಡರಿನ ಮುಂದೆ ನಿಂತೆ. ಈಸ್ಟರ್ ಏಪ್ರಿಲ್ ಮೊದಲ ಭಾನುವಾರ. ಯುಗಾದಿ ಏಪ್ರಿಲ್ ಮಧ್ಯದಲ್ಲಿ. ಅಲ್ಲಿಂದ ಹದಿನಾಲ್ಕು ಎಂದರೆ ನಮ್ಮ ಪಸ್ಕ ಏಪ್ರಿಲ್ ಕೊನೆಗೆ. ದೇವರಿಗೆ ಕೊಟ್ಟ ಮಾತು ಒಂದು ಕಡೆ, ತಾಯಿ ಕೇಳಿದ ಒಂದು ಬೆಳಗ್ಗೆ ಇನ್ನೊಂದು ಕಡೆ, ನಡುವೆ ಹೆಚ್ಚುಕಡಿಮೆ ಒಂದು ತಿಂಗಳ ಅಂತರ. ಕೊಟ್ಟ ಮಾತನ್ನು ಮುರಿಯುವುದು ನನಗೆ ಆಗುವ ಕೆಲಸವಲ್ಲ. ಹೋಗದೆ ಇರುವುದೂ ಆಗುವ ಹಾಗೆ ಕಾಣಲಿಲ್ಲ.

ಯುಗಾದಿ ಈ ವರ್ಷ ಯಾಕೆ ಇಷ್ಟು ತಡ ಎಂಬ ಪ್ರಶ್ನೆ ಎದ್ದದ್ದು ಆಗಲೇ. ಮರುದಿನ ನಲ್ಲಿಯ ಹತ್ತಿರ ಎದುರು ಮನೆಯವರನ್ನು ಕೇಳಿದೆ.

"ಅಧಿಕ ಮಾಸ ಅಲ್ವೇನ್ರೀ ಈಗ? ಫಾಲ್ಗುಣ ಎರಡು ಸಲ. ಒಂದು ಅಧಿಕ, ಒಂದು ನಿಜ. ಅಧಿಕದಲ್ಲಿ ಹಬ್ಬ ಹುಣ್ಣಿಮೆ ಏನೂ ಮಾಡಲ್ಲ, ಮದುವೆ ಮುಂಜಿನೂ ಇಲ್ಲ. ನಮ್ಮನೆಯವರು ಕೆಲಸ ಇಲ್ದೆ ಮನೇಲೇ ಕೂತು ನನ್ನ ತಲೆ ತಿಂತಿದಾರೆ."

"ಹಂಗಾದ್ರೆ ವರ್ಷಕ್ಕೆ ಹದಿಮೂರು ತಿಂಗಳು?"

"ಈ ವರ್ಷಕ್ಕೆ ಹಂಗೇ."

ನಾನು ಕೊಡ ಇಳಿಸಿ, ಕೈ ಒರೆಸಿಕೊಂಡು, ಹಳೆಯ ವರ್ಷದ ಕ್ಯಾಲೆಂಡರನ್ನು ಅಟ್ಟದಿಂದ ತೆಗೆದೆ. ಅದರಲ್ಲಿ ಅಮಾವಾಸ್ಯೆಗೆಲ್ಲ ಕಪ್ಪು ಚುಕ್ಕೆ. ಹಿಂದಿನ ವರ್ಷ ನಾವು ಪಸ್ಕ ಮಾಡಿದ ತಿಂಗಳಿನಿಂದ ಒಂದು, ಎರಡು ಎಂದು ಎಣಿಸಿದೆ. ಮೂರು ಸಲ ಎಣಿಸಿದೆ. ಹನ್ನೆರಡು ತಿಂಗಳು ಮಾರ್ಚ್ ನಡುವಿನ ಅಮಾವಾಸ್ಯೆಗೇ ಮುಗಿದುಹೋಗುತ್ತಿದ್ದವು. ಮುಂದಿನ ತಿಂಗಳು ಮೊದಲನೆಯದಾದರೆ ಹದಿನಾಲ್ಕನೇ ಸಂಜೆ ಮಾರ್ಚ್ ಕೊನೆಯ ಸೋಮವಾರ. ಅದಾದ ಸಬ್ಬತ್ತಿನ ಮರುದಿನ, ಕರ್ತನು ಎದ್ದ ದಿನ, ಪ್ರಥಮ ಫಲದ ಭಾನುವಾರ, ಏಪ್ರಿಲ್ ಮೂರು. ಗೋಡೆಯ ಮೇಲಿನ ಹೊಸ ಕ್ಯಾಲೆಂಡರಿನಲ್ಲಿ ಆ ಮೂರರ ಕೆಳಗೆ ಈಸ್ಟರ್ ಎಂದು ಅಚ್ಚಾಗಿತ್ತು.

ಸಂತೋಷವಾಯಿತು ಎಂದರೆ ಸುಳ್ಳಾಗುತ್ತದೆ. ಹೆದರಿಕೆ ಆಯಿತು. ನನಗೆ ಬೇಕಾದದ್ದೇ ಸಿಕ್ಕಿದಾಗ ಅದು ದೇವರು ಕೊಟ್ಟದ್ದೋ, ನಾನೇ ಎಳೆದುಕೊಂಡದ್ದೋ ಹೇಗೆ ತಿಳಿಯಬೇಕು? ಎರಡು ದಿನ ಬಾಯಿ ಬಿಡಲಿಲ್ಲ. ಮೂರನೇ ದಿನ ಊಟಕ್ಕೆ ಬಡಿಸುತ್ತಾ ಹೇಳಿದೆ.

"ರೀ, ಪಸ್ಕ ಈ ವರ್ಷ ಏಪ್ರಿಲ್ ಕೊನೇಲಿ ಅಂತೀರಲ್ಲ, ಅದು ಸರೀನಾ?"

"ಯುಗಾದಿಯಿಂದ ಎಣ್ಸು. ಅಷ್ಟೆ."

"ಯುಗಾದಿ ತಡ ಆಗಿರೋದು ಅಧಿಕ ಮಾಸಕ್ಕೆ. ಒಂದು ತಿಂಗಳು ಸೇರಿಸಿದಾರೆ."

"ಸೇರಿಸ್ತಾರೆ. ಅದಕ್ಕೇನೀಗ?"

"ಸತ್ಯವೇದದಲ್ಲಿ ಅಧಿಕ ಮಾಸ ಎಲ್ಲಿದೆ? ತೋರಿಸ್ರಿ."

ಇದು ಅವರದೇ ಮಾತು. ಯಾರು ಈಸ್ಟರ್ ಎಂದರೂ ಕ್ರಿಸ್ಮಸ್ ಎಂದರೂ ಅವರು ಕೇಳುತ್ತಿದ್ದದ್ದು, ಎಲ್ಲಿದೆ, ತೋರಿಸು. ತುತ್ತು ಕೈಯಲ್ಲೇ ನಿಂತಿತು. ನನ್ನನ್ನು ನೋಡಿದರು, ಅನ್ನವನ್ನು ನೋಡಿದರು. "ಮಜ್ಜಿಗೆ ಹಾಕು" ಎಂದರು.

ಆ ವಾರವೆಲ್ಲ ಆಫೀಸಿನಿಂದ ಬಂದು ಓದುತ್ತಾ ಕೂತರು. ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ. ವರ್ಷಕ್ಕೆ ಹನ್ನೆರಡು ತಿಂಗಳು ಎಂಬುದಕ್ಕೆ ಆಧಾರ ಸಿಕ್ಕಿತು, ಹದಿಮೂರಕ್ಕೆ ಸಿಗಲಿಲ್ಲ. ಆ ಮೊದಲ ತಿಂಗಳು ಜವೆಗೋಧಿ ತೆನೆ ಬಿಡುವ ತಿಂಗಳು ಎಂದೂ ಇತ್ತು. ತುಮಕೂರಿನಲ್ಲಿ ಜವೆಗೋಧಿಯನ್ನು ಕಂಡವರು ಯಾರು? ಶುಕ್ರವಾರ ಹೊತ್ತು ಮುಳುಗುವ ಮುಂಚೆ ಪುಸ್ತಕ ಮುಚ್ಚಿ, "ಹನ್ನೆರಡೇ. ನೀನು ಹೇಳಿದ್ದು ಸರಿ. ಪಸ್ಕ ಮಾರ್ಚ್ ಕೊನೇ ಸೋಮವಾರ" ಎಂದರು. ಸತ್ಯಕ್ಕೆ ಸೋಲುವುದಕ್ಕೆ ನಾಚದ ಗಂಡನನ್ನು ದೇವರು ನನಗೆ ಕೊಟ್ಟಿದ್ದ. ಎಷ್ಟು ಜನಕ್ಕೆ ಉಂಟು ಅದು.

ಆಮೇಲೆ ಕ್ಯಾಲೆಂಡರಿಗೆ ಗುರುತು ಹಾಕಲು ಎದ್ದವರು ಅಲ್ಲೇ ನಿಂತುಬಿಟ್ಟರು.

"ಪ್ರಥಮ ಫಲದ ದಿನ ಏಪ್ರಿಲ್ ಮೂರು."

"ಹೌದು."

"ಅವತ್ತು ಈಸ್ಟರ್."

"ಹೌದು."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಅಮ್ಮ ಕರೆದಿದಾಳೆ."

"ಓಹೋ. ಅದಕ್ಕೇ ಎಣಿಸೋಕೆ ಕೂತದ್ದು."

"ಕೂತದ್ದು ಅದಕ್ಕೇ ಕಣ್ರಿ. ಸುಳ್ಳು ಎಣಿಸಲಿಲ್ಲ. ಬೇಕಾದ್ರೆ ನೀವೂ ಎಣಿಸಿ."

ಅವರು ಎಣಿಸಿದರು. ಅವರಿಗೂ ಹನ್ನೆರಡೇ ಬಂತು. ಏಪ್ರಿಲ್ ಮೂರಕ್ಕೆ ಗುರುತು ಹಾಕಿ, "ಹೋಗು. ಪ್ರಥಮ ಫಲದ ದಿನ ಅಂತ ಹೋಗು. ಈಸ್ಟರ್ ಅಂತ ಹೋಗ್ಬೇಡ" ಎಂದರು.

"ಯಾರಾದ್ರೂ ಕೇಳಿದ್ರೆ ಹೇಳ್ಲಾ, ಕಂಡಕ್ಟರಿಗೂ ಹೇಳಿ ಟಿಕೆಟ್ ತಗೊಳ್ಳಲಾ?" ಎಂದೆ. ಆ ವಾರದಲ್ಲಿ ಅವರು ನಕ್ಕದ್ದು ಅದೊಂದು ಸಲ.

ಸೋಮವಾರ ಸಂಜೆ ಪಸ್ಕ ಮಾಡಿದೆವು. ಎದುರು ಮನೆಯವರ ಲೆಕ್ಕದಲ್ಲಿ ಅದು ಕಾಮನ ಹುಣ್ಣಿಮೆಯ ಹೊತ್ತು, ಬೀದಿಯ ಹುಡುಗರು ಸೌದೆ ಕೂಡಿಹಾಕುತ್ತಿದ್ದರು. ನಾವು ರೊಟ್ಟಿ ಮುರಿದು, ಕಹಿ ತಿಂದು, ಒಬ್ಬರ ಕಾಲನ್ನೊಬ್ಬರು ತೊಳೆದು, ಕೀರ್ತನೆ ಓದಿದೆವು. ಶುಕ್ರವಾರ ಬೆಳಗ್ಗೆ ಒಂದು ಚೀಲದಲ್ಲಿ ಅಕ್ಕಿ ರೊಟ್ಟಿ ಕಟ್ಟಿಕೊಂಡು, ಮಗಳನ್ನು ನಮ್ಮವರ ಹತ್ತಿರ ಬಿಟ್ಟು ಗುಬ್ಬಿಗೆ ಹೊರಟೆ. ಹುಳಿಯಿಲ್ಲದ ದಿನಗಳು ನಡೆಯುತ್ತಿದ್ದವು. ತವರಿನಲ್ಲಿ ಏನಿರುತ್ತದೋ, ನನ್ನ ರೊಟ್ಟಿ ನನ್ನ ಹತ್ತಿರ ಇರಲಿ ಎಂದು.

ಶುಕ್ರವಾರವೇ ಹೋಗಿದ್ದಕ್ಕೆ ಕಾರಣವಿತ್ತು. ಊರಿನವರು ಸುಣ್ಣ ಬಳಿಯುವುದು ಶನಿವಾರ. ನನಗೆ ಶನಿವಾರ ಸಬ್ಬತ್ತು, ಕೆಲಸ ಮುಟ್ಟುವ ಹಾಗಿಲ್ಲ. ಆದ್ದರಿಂದ ಶುಕ್ರವಾರ ಹೊತ್ತು ಮುಳುಗುವ ಮುಂಚೆ ಮುಗಿಸಬೇಕಿತ್ತು. ಮನೆಗೆ ಹೋದವಳೇ ಸುಣ್ಣದ ಕಲ್ಲನ್ನು ಮಡಕೆಗೆ ಹಾಕಿ ನೀರು ಹೊಯ್ದೆ. ಅದು ಬುಸುಗುಟ್ಟಿ ಅರಳಿತು. ಅಮ್ಮ ಮಂಚದ ಮೇಲಿನಿಂದ ನೋಡುತ್ತಿದ್ದಳು.

"ಇವತ್ತು ಶುಭ ಶುಕ್ರವಾರ ಕಣೇ."

"ಗೊತ್ತಮ್ಮ. ನಾಳೆ ನನಗೆ ಆಗಲ್ಲ."

"ಕರ್ತನ್ನ ಶಿಲುಬೆಗೆ ಹಾಕಿದ ದಿನ ಸುಣ್ಣ ಕಲಸ್ತಾವ್ಳೆ! ಯಾರಾದ್ರೂ ನೋಡಿದ್ರೆ ನನ್ನ ಮಾನ ಹೋಯ್ತದೆ."

"ಎಲ್ರೂ ಚರ್ಚಲ್ಲಿರ್ತಾರೆ. ಯಾರು ನೋಡ್ತಾರೆ?"

"ನಾಳೆ ಬಳೀಬಾರ್ದು, ಇವತ್ತು ಬಳೀಬಾರ್ದು. ನಿಮ್ಮಿಬ್ರ ಧರ್ಮ ನಡ್ಸೋಕೆ ವಾರಕ್ಕೆ ಎಂಟು ದಿನ ಬೇಕು ಕಣೇ" ಎಂದಳು. ಆದರೆ ಕುಂಚ ಎಲ್ಲಿದೆ ಎಂದು ಅವಳೇ ಕೈ ತೋರಿಸಿದಳು.

ಸಮಾಧಿ ತೋಟ ಚರ್ಚಿನ ಹಿಂದಿನ ಬಯಲಿನಾಚೆ. ಮಧ್ಯಾಹ್ನದ ಬಿಸಿಲು. ಚರ್ಚಿನಿಂದ ಮೂರು ಗಂಟೆಯ ಆರಾಧನೆಯ ಹಾಡು ಎಳೆದೆಳೆದು ಕೇಳಿ ಬರುತ್ತಿತ್ತು. ನಾನು ಸೆರಗು ಸಿಕ್ಕಿಸಿ, ಹುಲ್ಲು ಕಿತ್ತು, ಮೂರು ಗೇಣಿನ ಆ ಇಟ್ಟಿಗೆ ಕಟ್ಟಿಗೆ ಎರಡು ಸುತ್ತು ಸುಣ್ಣ ಬಳಿದೆ. ಆರಾಧನೆ ಮುಗಿಸಿ ಆ ಕಡೆಯ ಕಾಲುದಾರಿಯಲ್ಲಿ ಬಂದ ಇಬ್ಬರು ಹೆಂಗಸರು ಬಿಳಿ ಸೀರೆಯಲ್ಲಿ ನಿಂತು ನೋಡಿದರು. ಒಬ್ಬರು ಇನ್ನೊಬ್ಬರಿಗೆ, ನನಗೂ ಕೇಳುವ ಹಾಗೆಯೇ, "ಇವತ್ತೂ ಕೆಲಸಾನಾ? ದೇವ್ರ ಭಯ ಅನ್ನೋದೇ ಹೋಯ್ತು" ಎಂದರು. ದೇವರ ಭಯಕ್ಕೇ ಇವತ್ತು ಬಂದದ್ದು ಎಂದು ಹೇಳಿದರೆ ಅವರಿಗೆ ಅರ್ಥವಾಗುವುದಿಲ್ಲ. ಕುಂಚ ತೊಳೆದು ಮನೆಗೆ ಬಂದೆ. ಹೊತ್ತು ಮುಳುಗಲು ಇನ್ನೂ ಅರ್ಧ ಗಂಟೆಯಿತ್ತು.

ಭಾನುವಾರ ಬೆಳಗ್ಗೆ ಅಮ್ಮನನ್ನು ಎಬ್ಬಿಸಬೇಕಾಗಲಿಲ್ಲ. ಅವಳು ಸೀರೆ ಉಟ್ಟು, ತಲೆ ಬಾಚಿ, ಬತ್ತಿ ಹಿಡಿದು ಕೂತಿದ್ದಳು. ಮನೆಯಿಂದ ಸಮಾಧಿ ತೋಟಕ್ಕೆ ಐದು ನಿಮಿಷದ ದಾರಿ. ನಮಗೆ ಅರ್ಧ ಗಂಟೆ ಹಿಡಿಯಿತು. ನಾಲ್ಕು ಸಲ ಕೂತಳು. ಒಂದು ಸಲ ಮೈಲಿಗಲ್ಲಿನ ಮೇಲೆ, ಒಂದು ಸಲ ಯಾರದೋ ಮನೆಯ ಜಗಲಿಯ ಮೇಲೆ, ಎರಡು ಸಲ ನೆಲದ ಮೇಲೇ. ನಾವು ತಲುಪುವ ಹೊತ್ತಿಗೆ ಜನ ಆಗಲೇ ಸೇರಿದ್ದರು. ಸುತ್ತ ಎಲ್ಲಾ ಸಮಾಧಿಗಳೂ ಬೆಳ್ಳಗೆ. ನಮ್ಮದೂ ಅವುಗಳಲ್ಲಿ ಒಂದು. ಶುಕ್ರವಾರದ ಸುಣ್ಣ, ಶನಿವಾರದ ಸುಣ್ಣ ಎಂದು ಅಲ್ಲಿ ಗೊತ್ತಾಗುತ್ತಿರಲಿಲ್ಲ.

ಹಾಡು ಎದ್ದಾಗ ನಾನು ಹಾಡಲಿಲ್ಲ. ಅಮ್ಮನ ರಟ್ಟೆ ಹಿಡಿದು ನಿಂತಿದ್ದೆ. ಅವಳಿಗೆ ಹಾಡಲು ಉಸಿರಿರಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಸಭಾಪಾಲಕರು ಒಬ್ಬೊಬ್ಬರ ಹತ್ತಿರವೂ ಹೋಗುತ್ತಾ ನಮ್ಮ ಹತ್ತಿರ ಬಂದರು. ನಾನು ಯಾರೆಂದು ಅವರಿಗೆ ಗೊತ್ತಿತ್ತು, ಏನು ಬಿಟ್ಟವಳೆಂದೂ ಗೊತ್ತಿತ್ತು. "ಕರ್ತನು ಎದ್ದಿದ್ದಾನಮ್ಮ" ಎಂದರು. ಎಲ್ಲರೂ ಹೇಳುವ ಉತ್ತರ ಒಂದಿದೆ. ಅಮ್ಮ ನನ್ನ ಕಡೆ ತಿರುಗಿದಳು. ಅದು ಯಾವ ದಿನಕ್ಕೂ ಸಲ್ಲುವ ಮಾತು, ಹೇಳುವುದಕ್ಕೆ ನನಗೆ ಏನೂ ಅಡ್ಡಿ ಕಾಣಲಿಲ್ಲ. "ನಿಜವಾಗಿ ಎದ್ದಿದ್ದಾನೆ" ಎಂದೆ.

ಅಮ್ಮ ಬತ್ತಿಯನ್ನು ಗಾರೆಯ ಮೇಲೆ ಮೇಣ ತೊಟ್ಟಿಕ್ಕಿಸಿ ನಿಲ್ಲಿಸಿ, ಪಕ್ಕದಲ್ಲೇ ಕೂತಳು. ಬೆಳಕು ಹರಿದು ಜನ ಚರ್ಚಿಗೆ ಹೊರಟರು. ನಾವು ಹೊರಡಲಿಲ್ಲ. ನಾನು ಚರ್ಚಿಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ತಾನೊಬ್ಬಳೇ ಹೋಗಲು ಆಗುತ್ತಿರಲಿಲ್ಲ. ಬತ್ತಿ ಮುಗಿಯುವ ತನಕ ಕೂತೆವು. ನಡುವೆ ಒಂದು ಸಲ ಅಮ್ಮ ಗಾರೆಯ ಮೇಲೆ ಕೈಯಿಟ್ಟು, "ಅದಕ್ಕೆ ನಿನ್ ಮೂಗೇ ಇತ್ತು ಕಣೇ" ಎಂದಳು. ಇಷ್ಟು ವರ್ಷದಲ್ಲಿ ಅವಳು ಅದನ್ನು ನನಗೆ ಹೇಳಿರಲಿಲ್ಲ.

ಅದೇ ವರ್ಷ ಮಳೆಗಾಲ ಮುಗಿಯುವ ಮುಂಚೆ ಅಮ್ಮ ತೀರಿಕೊಂಡಳು. ಮೊಮ್ಮಗಳ ಪಕ್ಕದಲ್ಲೇ ಜಾಗವಿತ್ತು.

ಮಾರನೇ ವರ್ಷ ನಮ್ಮವರು ಮತ್ತೆ ಎಣಿಸಲು ಕೂತರು. ನನ್ನ ಹನ್ನೆರಡರ ಲೆಕ್ಕದಲ್ಲಿ ಪಸ್ಕ ಮಾರ್ಚ್ ಮಧ್ಯಕ್ಕೆ ಬಂತು. ಅದರ ಮಾರನೇ ವರ್ಷಕ್ಕೆ ಎಣಿಸಿದರೆ ಇನ್ನೂ ಹಿಂದೆ. ಪೆನ್ಸಿಲ್ ಹಿಡಿದು ಮುಂದೆ ಮುಂದೆ ಹೋಗಿ, "ಇದೇ ಲೆಕ್ಕ ಹಿಡಿದ್ರೆ ಇನ್ನು ಏಳೆಂಟು ವರ್ಷಕ್ಕೆ ಪಸ್ಕ ಕ್ರಿಸ್ಮಸ್ ಹೊತ್ತಿಗೆ ಬರುತ್ತೆ" ಎಂದರು. ನಾನು ಎದುರು ಮನೆಗೆ ಹೋಗಿ ಕೇಳಿದೆ. ಅವರಿಗೆ ನಗು ತಡೆಯಲಿಲ್ಲ.

"ಅಧಿಕ ಮಾಸ ಇರೋದೇ ಅದಕ್ಕಲ್ವೇನ್ರೀ? ಚಂದ್ರನ ವರ್ಷ ಚಿಕ್ಕದು. ಆಗಾಗ ಒಂದು ತಿಂಗಳು ಸೇರಿಸ್ದೆ ಇದ್ರೆ ಯುಗಾದಿಗೆ ಮಾವಿನ ಚಿಗುರು ಎಲ್ಲಿಂದ ತರೋಣ?"

ಜವೆಗೋಧಿಯ ತೆನೆ ನೋಡಿ ತಿಂಗಳು ಹಿಡಿಯಬೇಕೆಂಬ ಮಾತಿನ ಅರ್ಥ ನಮಗೆ ಆಗ ಹೊಳೆಯಿತು. ತೆನೆ ಬಾರದಿದ್ದರೆ ಒಂದು ತಿಂಗಳು ಕಾಯುತ್ತಿದ್ದರು ಎಂದಾಯಿತು. ಅಧಿಕ ಮಾಸ ಸತ್ಯವೇದದಲ್ಲಿ ಆ ಹೆಸರಿನಲ್ಲಿ ಇಲ್ಲ, ತೆನೆಯ ಹೆಸರಿನಲ್ಲಿ ಇದೆ. ನನ್ನ ವಾದ ತಪ್ಪು. ಮನೆಗೆ ಬಂದು ಅವರಿಗೆ ಹಾಗೇ ಹೇಳಿದೆ. "ನಿಮ್ಮನ್ನ ತಪ್ಪು ದಾರಿಗೆ ತಂದೆ. ನನಗೆ ಬೇಕಿತ್ತು, ಅದಕ್ಕೇ ಅಷ್ಟೇ ಕಾಣಿಸ್ತು." ಅವರು ಪೆನ್ಸಿಲ್ ಕೆಳಗಿಟ್ಟು, "ನಾನೂ ಎಣಿಸಿದ್ನಲ್ಲ. ನನಗೂ ಅಷ್ಟೇ ಕಾಣಿಸ್ತು" ಎಂದರು. ಇಬ್ಬರೂ ಮೊಣಕಾಲೂರಿ ಕ್ಷಮೆ ಕೇಳಿದೆವು. ಆ ವರ್ಷದಿಂದ ಮತ್ತೆ ಯುಗಾದಿಯಿಂದ ಹದಿನಾಲ್ಕನೇ ಸಂಜೆ. ಯೆಹೂದ್ಯರು ಯಾವ ವರ್ಷ ಯಾವ ತಿಂಗಳು ಹಿಡಿಯುತ್ತಾರೋ ನಮಗೆ ತಿಳಿಯದು. ನಮ್ಮ ಎಣಿಕೆ ತಿಂಗಳು ತಪ್ಪಿದರೆ ದೇವರು ಸರಿಪಡಿಸಿಕೊಳ್ಳಲಿ. ಗುಬ್ಬಿಗೆ ಹೋಗಿ ಬಂದದ್ದಕ್ಕೆ ಮಾತ್ರ ನಾನು ಕ್ಷಮೆ ಕೇಳಲಿಲ್ಲ. ಕೇಳಬೇಕಿತ್ತೋ ಏನೋ. ಬಾಯಿ ಬರಲಿಲ್ಲ.

ಈಸ್ಟರ್ ನಾವು ಆಮೇಲೂ ಮಾಡಲಿಲ್ಲ. ಅದರಲ್ಲಿ ನನಗೆ ಅನುಮಾನವಿಲ್ಲ. ಪ್ರಥಮ ಫಲದ ಭಾನುವಾರ ಮಾತ್ರ ಗುಬ್ಬಿಗೆ ಹೋಗುವುದನ್ನು ಇಟ್ಟುಕೊಂಡೆ. ಕೆಲವು ವರ್ಷ ಅದು ಅವರ ಈಸ್ಟರ್ ದಿನವೇ ಬರುತ್ತದೆ, ಕೆಲವು ವರ್ಷ ವಾರ ಕಳೆದು, ಕೆಲವು ವರ್ಷ ತಿಂಗಳು ಕಳೆದು. ಅಮ್ಮ ಹೋಗಿ ಮೂರನೇ ವರ್ಷ ಹಾಗೆ ತಿಂಗಳು ಕಳೆದು ಬಂತು. ಸುಣ್ಣದ ಬಕೆಟ್ಟು, ಕುಂಚ ಹಿಡಿದುಕೊಂಡು ಹೋದೆ. ಸಮಾಧಿ ತೋಟದಲ್ಲಿ ಯಾರೂ ಇರಲಿಲ್ಲ. ಈಸ್ಟರಿನ ಮೇಣ ಅಲ್ಲಲ್ಲಿ ಬಿಸಿಲಿಗೆ ಕರಗಿ ಮಣ್ಣಿಗೆ ಅಂಟಿತ್ತು. ನೋಡಿದರೆ ಅಮ್ಮನದೂ ಮಗುವಿನದೂ ಎರಡೂ ಬೆಳ್ಳಗಿದ್ದವು.

ಕಾವಲಿಗಿದ್ದ ಮುದುಕ ಬೇಲಿಯಾಚೆ ಮೇಕೆ ಮೇಯಿಸುತ್ತಿದ್ದ. "ಯಾರಪ್ಪ ಬಳಿದದ್ದು ಇವೆರಡನ್ನ?" ಎಂದು ಕೇಳಿದೆ.

"ಹಬ್ಬಕ್ಕೆ ಬಂದೋರು ಬಳದ್ರು ಕಣವ್ವ. ಸುಣ್ಣ ಮಿಕ್ಕಿತ್ತು. ಸಾಲಲ್ಲಿ ಎಲ್ಲಾ ಬಳ್ದು ಇವೆರಡನ್ನೇ ಬುಟ್ರೆ ಚೆಂದಾಗಿರ್ತದಾ?"

"ಯಾರು ಅಂತ ಗೊತ್ತಿಲ್ವಾ?"

"ಹೆಂಗಸ್ರು. ಎಲ್ರೂ ಬಿಳೀ ಸೀರೆನೇ ಉಟ್ಟಿರ್ತಾರೆ, ನಾನೇನು ಕಂಡೆ?"

ಬಕೆಟ್ಟಿನಲ್ಲಿ ಸುಣ್ಣ ಕಲಸಿಯಾಗಿತ್ತು, ಬಿಸಿಲೂ ಇನ್ನೂ ಎಳೆಯದಾಗಿತ್ತು. ಸೆರಗು ಸಿಕ್ಕಿಸಿಕೊಂಡು, ಅವರು ಬಳಿದದ್ದರ ಮೇಲೆಯೇ ಇನ್ನೊಂದು ಸುತ್ತು ಬಳಿದೆ.